ಮೆಮೊದಲ್ಲಿ ಬರೆದಿದ್ದ ಒಂದು ಪದ

ಹನ್ನೊಂದು ವರ್ಷಗಳ ಹಿಂದೆ, ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದಾಗ, ಬೀಮ್‌ಗಳ ಮೇಲ್ಭಾಗಕ್ಕೆ ಹಾಕುವ 16 ಮಿಲಿಮೀಟರ್ ಸರಳುಗಳ ಉದ್ದವನ್ನು 2,650 ಮಿಲಿಮೀಟರ್ ಎಂದು ಬರೆಯಬೇಕಾದ ಕಡೆ ನಾನು 2,560 ಎಂದು ಬರೆದೆ. ನಕ್ಷೆಯಲ್ಲಿದ್ದ ಅಂಕಿಯನ್ನು ಎರಡು ಬಾರಿ ನೋಡಿಯೇ ಬರೆದಿದ್ದೆ. ಬಾರ್ ಬೆಂಡಿಂಗ್ ಮೇಸ್ತ್ರಿ ನನ್ನ ಪಟ್ಟಿಯನ್ನು ನಂಬಿ ನೂರಿಪ್ಪತ್ತು ಸರಳುಗಳನ್ನು ಕತ್ತರಿಸಿಬಿಟ್ಟಿದ್ದರು. ಪ್ರತಿಯೊಂದೂ ಒಂಬತ್ತು ಸೆಂಟಿಮೀಟರ್ ಗಿಡ್ಡವಾಗಿತ್ತು. ಒಟ್ಟು ಅರ್ಧ ಟನ್ನಿಗೆ ಸಮೀಪದ ಕಬ್ಬಿಣ. ಕಡಿಮೆ ಉದ್ದ ಬೇಕಿದ್ದ ಜಾಗಗಳಲ್ಲಿ ಅವನ್ನು ಬಳಸಿ ನಷ್ಟವನ್ನು ತಪ್ಪಿಸಿದೆವಾದರೂ, ಮರುದಿನ ನನ್ನ ಕೈಗೆ ಬಂದ ಮೆಮೊದಲ್ಲಿ ‘ಅಜಾಗರೂಕತೆ’ ಎಂಬ ಪದವಿತ್ತು. ಕಾಪಿ ಪುಸ್ತಕದ ಕಾಲದಿಂದಲೂ ಅದೇ ಮಾತನ್ನು ಕೇಳುತ್ತ ಬಂದಿದ್ದ ನಾನು ಅದನ್ನು ನಂಬಿಯೂ ಇದ್ದೆ.

ಅದು ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಶಕ್ತಿಗೆ ಸಂಬಂಧವಿಲ್ಲದೆ ಓದು ಬರಹದಲ್ಲಿ ಕಾಣುವ ಹುಟ್ಟಿನಿಂದ ಬಂದ ತೊಡಕು, ಎಂದು ತಿಳಿದದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮನಶ್ಶಾಸ್ತ್ರಜ್ಞೆಯೊಬ್ಬರು ಎರಡು ದಿನ ಕೂರಿಸಿ ಪರೀಕ್ಷಿಸಿದ ಮೇಲೆ. ಇಷ್ಟು ತಡವಾದದ್ದಕ್ಕೆ ಕನ್ನಡವೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಬರೆದಂತೆಯೇ ಓದುವ ನಮ್ಮ ಲಿಪಿಯಲ್ಲಿ ಒತ್ತಕ್ಷರಗಳ ಮುಂದೆ ತಡವರಿಸಿದರೂ ಕೊನೆಗೆ ಪದ ಸರಿಯಾಗಿಯೇ ಬಾಯಿಗೆ ಬರುತ್ತದೆ. ಆದ್ದರಿಂದ ಕನ್ನಡದ ಮೇಷ್ಟ್ರಿಗೆ ನಾನು ನಿಧಾನದ ಹುಡುಗನಾಗಿ ಮಾತ್ರ ಕಂಡೆ. ಉಚ್ಚಾರಕ್ಕೂ ಕಾಗುಣಿತಕ್ಕೂ ಹೊಂದಿಕೆಯಿಲ್ಲದ ಇಂಗ್ಲಿಷಿನಲ್ಲಿ ಆದ ತಪ್ಪುಗಳನ್ನು ಹಳ್ಳಿಯ ಶಾಲೆಯ ಲೆಕ್ಕಕ್ಕೆ ಬರೆದುಕೊಂಡರು.

ಕೆಲಸದಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಓದುವುದಕ್ಕಿಂತ ಅದನ್ನು ಮುಚ್ಚಿಡುವ ಶ್ರಮ. ಇಮೇಲ್‌ಗಳನ್ನು ಯಾರೂ ಇಲ್ಲದಾಗ ಓದಿ ಮುಗಿಸಬೇಕೆಂದು ಒಂದು ಗಂಟೆ ಮೊದಲೇ ಕಚೇರಿಗೆ ಬರುತ್ತಿದ್ದೆ, ಸಭೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕರೆದರೆ ಫೋನ್ ಬಂದಂತೆ ಹೊರಗೆ ಹೋಗುತ್ತಿದ್ದೆ, ವಾರದ ವರದಿಯನ್ನು ಮನೆಗೊಯ್ದು ಹೆಂಡತಿಯಿಂದ ತಿದ್ದಿಸಿ ಬೆಳಿಗ್ಗೆ ಕಳುಹಿಸುತ್ತಿದ್ದೆ. ಬಿಲ್ಲಿಂಗ್ ವಿಭಾಗದ ಮುಖ್ಯಸ್ಥನ ಹುದ್ದೆಗೆ ನನ್ನ ಹೆಸರು ಬಂದಾಗ, ಅಳತೆ ಪುಸ್ತಕಗಳನ್ನೂ ಒಪ್ಪಂದದ ಕಾಗದಗಳನ್ನೂ ದಿನವಿಡೀ ಓದಬೇಕಾಗುತ್ತದೆಂಬ ಒಂದೇ ಭಯದಿಂದ ಬೇಡವೆಂದೆ. ಸೈಟ್ ಬಿಟ್ಟಿರಲಾರೆ ಎಂದು ಮೇಲಧಿಕಾರಿಗೆ ಹೇಳಿದ ಆ ಸುಳ್ಳು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾನೂನು ಈ ವಿಷಯದಲ್ಲಿ ನಮ್ಮ ಕಚೇರಿಗಳಿಗಿಂತ ಮುಂದಿದೆ. 1995ರ ಕಾಯ್ದೆಯ ಏಳು ಬಗೆಯ ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯ ಅಡಿಯಲ್ಲಿ ಅದನ್ನೂ ಸೇರಿಸಿತು. ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿಯಲ್ಲಿ ಶೇ. 1ನ್ನು ಆಟಿಸಂ, ಮಾನಸಿಕ ಕಾಯಿಲೆ ಮೊದಲಾದವುಗಳ ಜೊತೆ ನಾವೂ ಹಂಚಿಕೊಳ್ಳುತ್ತೇವೆ. ಅದಕ್ಕೆ ಕನಿಷ್ಠ ಶೇ. 40ರಷ್ಟು ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು. ಆದರೆ ಆ ಮಿತಿಯನ್ನು ಎಲ್ಲ ಸೌಲಭ್ಯಗಳಿಗೂ ಅನ್ವಯಿಸುವಂತಿಲ್ಲ. ಬರೆಯುವಾಗ ಕೈ ಸೆಳೆತಕ್ಕೊಳಗಾಗುವ ನಾಗರಿಕ ಸೇವಾ ಪರೀಕ್ಷಾರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ, ಶೇ. 40ನ್ನು ಮುಟ್ಟದವರಿಗೂ ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವವರ ನೆರವನ್ನು ನಿರಾಕರಿಸಬಾರದು ಎಂದು ತೀರ್ಪಿತ್ತಿತು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಾನು ಕಂಡ ಇಂಥ ಒಂದೆರಡು ನೀತಿಪತ್ರಗಳಲ್ಲಿ ಇಳಿಜಾರು ದಾರಿ ಮತ್ತು ಲಿಫ್ಟಿನ ಪ್ರಸ್ತಾಪವಿತ್ತು. ಅವು ಖಂಡಿತ ಬೇಕು. ಓದಿಗೆ ಸಂಬಂಧಿಸಿದ ಒಂದು ಸಾಲೂ ಅವುಗಳಲ್ಲಿರಲಿಲ್ಲ.

ಇನ್ನೊಂದು ಕಡೆ, ಡಿಸ್ಲೆಕ್ಸಿಯಾವನ್ನು ವರವೆಂದು ಕೊಂಡಾಡುವ ಮಾತೂ ಹೆಚ್ಚುತ್ತಿದೆ. 2022ರಲ್ಲಿ ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್, ಸದಸ್ಯರು ತಮ್ಮ ಪರಿಚಯದಲ್ಲಿ ನಮೂದಿಸಬಹುದಾದ ಕೌಶಲಗಳಿಗೆ ‘ಡಿಸ್ಲೆಕ್ಸಿಕ್ ಥಿಂಕಿಂಗ್’ (ಡಿಸ್ಲೆಕ್ಸಿಯಾ ಇರುವವರ ಯೋಚನಾ ರೀತಿ) ಎಂಬುದನ್ನು ಸೇರಿಸಿತು. ಉದ್ಯಮಿ ರಿಚರ್ಡ್ ಬ್ರಾನ್ಸನ್ ಅದನ್ನು ಬೆಂಬಲಿಸಿದರು. ನಾಚಿಕೆ ಕಡಿಮೆಯಾಗುವುದಾದರೆ ಅದು ಒಳ್ಳೆಯದೇ. ಆದರೂ ನನ್ನಂಥವರಲ್ಲಿ ವಿಶೇಷ ಪ್ರತಿಭೆ ಇರಲೇಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬೀಮ್ ಮತ್ತು ನೀರಿನ ಪೈಪು ಎಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದು ನಕ್ಷೆ ನೋಡಿದ ಕೂಡಲೇ ನನ್ನ ಕಣ್ಣಿಗೆ ಕಾಣುತ್ತದೆ, ನಿಜ. ಅದು ಹದಿನೆಂಟು ವರ್ಷ ಸೈಟಿನಲ್ಲಿ ನಿಂತು ಕಲಿತದ್ದಾಗಿರಬಹುದು. ಸಾಧಾರಣ ಕೆಲಸಗಾರನಿಗೂ ಓದಲು ಸಮಯ ಸಿಗಬೇಕು.

ಈಗಿನ ಕಚೇರಿಯಲ್ಲಿ, ಸೇರಿದ ಮೊದಲ ವಾರದಲ್ಲಿಯೇ, ನಾನು ಮೂರು ಸಂಗತಿಗಳನ್ನು ಕೇಳಿದೆ. ಸಭೆಯ ಕಾಗದಗಳನ್ನು ಹಿಂದಿನ ದಿನವೇ ಕಳುಹಿಸಬೇಕು, ಅವು ಫೋನ್ ಗಟ್ಟಿಯಾಗಿ ಓದಿ ಹೇಳಬಲ್ಲ ರೂಪದಲ್ಲಿರಬೇಕು, ಸ್ಕ್ಯಾನ್ ಮಾಡಿದ ಚಿತ್ರಗಳಾಗಿರಬಾರದು; ನನ್ನ ವರದಿಯನ್ನು ಮಾತಿನಲ್ಲಿ ಹೇಳಿ ಬರೆಸಲು ಒಂದು ಮೌನವಾದ ಕೊಠಡಿ ಬೇಕು; ಅಂಕಿಗಳಿರುವ ಪಟ್ಟಿಯನ್ನು ಇನ್ನೊಬ್ಬರು ಓದಿ ತಾಳೆ ನೋಡದೆ ಸೈಟಿಗೆ ಕಳುಹಿಸಬಾರದು. ಯಾವುದಕ್ಕೂ ಕಂಪನಿ ಒಂದು ರೂಪಾಯಿ ಖರ್ಚು ಮಾಡಬೇಕಾಗಲಿಲ್ಲ. ಮೂರನೆಯದು ಈಗ ಎಲ್ಲ ಎಂಜಿನಿಯರುಗಳಿಗೂ ಅನ್ವಯಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಒಂದೊಂದೇ ಅಂಕಿಯನ್ನು ಬಿಡಿಸಿ ‘ಎರಡು, ಆರು, ಐದು, ಸೊನ್ನೆ’ ಎಂದು ಗಟ್ಟಿಯಾಗಿ ಓದುತ್ತಾರೆ, ನಾನು ನಕ್ಷೆಯ ಮೇಲೆ ಬೆರಳಿಟ್ಟು ಹೂಂಗುಟ್ಟುತ್ತೇನೆ; ಆಮೇಲಷ್ಟೇ ಕಟಿಂಗ್ ಯಂತ್ರ ಶುರುವಾಗುತ್ತದೆ.