ಬರೆಯದೆ ಉಳಿಸುವ ಚಿಹ್ನೆ: ಮಾಲಿಯ ಕೆಸರು ಚಿತ್ರ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಬೊಗೊಲಾನ್‌ಫಿನಿ ಬಟ್ಟೆ ನೋಡಿದವರು ಕಪ್ಪಿನ ಮೇಲೆ ಬಿಳಿ ಗೆರೆ ಎಳೆದಿದ್ದಾರೆ ಅಂದುಕೊಳ್ಳುತ್ತಾರೆ. ಕೆಲಸ ನಡೆಯುವುದು ಉಲ್ಟಾ. ಚಿಹ್ನೆಯ ಸುತ್ತಲಿನ ಜಾಗಕ್ಕೆ ಕೆಸರು ಬಳಿಯುತ್ತಾರೆ. ಚಿಹ್ನೆ ತಾನಾಗಿ ಉಳಿಯುತ್ತದೆ. ಬಂಬಾರಾ ಭಾಷೆಯಲ್ಲಿ ಬೊಗೊ ಅಂದರೆ ಮಣ್ಣು, ಫಿನಿ ಅಂದರೆ ಬಟ್ಟೆ. ಹಿಂದಿನ ಕಾಲದಿಂದ ನೇಯುವವರು ಗಂಡಸರು, ಬಳಿಯುವವರು ಹೆಂಗಸರು. 1978ರಲ್ಲಿ ಆರು ಕಲಾವಿದರು ಕಟ್ಟಿಕೊಂಡ ಬೊಗೊಲಾನ್ ಕಸೊಬಾನೆ ಗುಂಪು ಇದೇ ಕೆಸರನ್ನು ಗೋಡೆಗೆ ತೂಗುಹಾಕುವ ಚಿತ್ರಕ್ಕೆ ತಂದಿತು.

ಈ ಬಗೆಯ ಚಿತ್ರಕ್ಕೆ ಅಂಗಡಿಯ ಪ್ರೈಮರ್ (ಚಿತ್ರಕ್ಕೆ ಮೊದಲು ಬಳಿಯುವ ತಳಪದರ) ಹಚ್ಚಿದ ಕ್ಯಾನ್ವಾಸ್ ಸುತರಾಂ ಆಗದು. ನೂಲು ಬಣ್ಣ ಕುಡಿಯುವುದಿಲ್ಲ, ಒಣಗಿದ ಕೆಸರು ಹಾಗೇ ಉದುರುತ್ತದೆ. ಗಂಜಿ ಪೂರ್ತಿ ಹೋಗುವಂತೆ ತೊಳೆದ ಹತ್ತಿ ಬಟ್ಟೆ ಬೇಕು. ಅದನ್ನು ಎನ್‌ಗಲಾಮಾ ಮರದ ಎಲೆಯ ಕಷಾಯದಲ್ಲಿ ಅದ್ದಿ ಬಿಸಿಲಿಗೆ ಹರಡುತ್ತಾರೆ. ನಮ್ಮ ಕಾಡಿನ ದಿಂಡಿಗ ಈ ಮರದ ದಾಯಾದಿ. ಬಟ್ಟೆ ಹಳದಿಯಾಗುತ್ತದೆ, ಆದರೆ ಬೇಕಾದದ್ದು ಹಳದಿಯಲ್ಲ, ಅದರೊಳಗಿನ ಒಗರು, ಅಂದರೆ ಟ್ಯಾನಿನ್.

ಹೊಂಡದ ತಳದ ಕಬ್ಬಿಣದಂಶದ ಕೆಸರನ್ನು ಮಡಕೆಯಲ್ಲಿ ವರ್ಷದವರೆಗೂ ಕೊಳೆಯಿಸುತ್ತಾರೆ. ಹಸಿ ಕೆಸರಿನ ಕಬ್ಬಿಣ ಬಹುಪಾಲು ತುಕ್ಕಿನ ರೂಪದಲ್ಲಿರುತ್ತದೆ, ನೀರಲ್ಲಿ ಕರಗುವುದಿಲ್ಲ. ಕೊಳೆತಾಗ ಕರಗಿ ನೂಲಿಗಿಳಿಯುತ್ತದೆ, ಒಗರಿನ ಜೊತೆ ಸೇರಿ ಗಾಳಿಗೆ ಕಪ್ಪಾಗುತ್ತದೆ. ಅವಸರ ಮಾಡಿದವರಿಗೆ ಸಿಗುವುದು ಮಾಸಲು ಕಂದು. ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಅಳಲೆಕಾಯಿಯ ಒಗರಿಗೆ ಬೆಲ್ಲದಲ್ಲಿ ಹುಳಿಸಿದ ಕಬ್ಬಿಣದ ನೀರು ತಾಗಿಸಿ ಕಪ್ಪು ಪಡೆಯುವುದೂ ಇದೇ ಲೆಕ್ಕ.

ಮೊದಲು ಚಿಹ್ನೆಯ ಅಂಚಿಗೆ ಕಡ್ಡಿಯಿಂದ ಕೆಸರಿನ ಗೆರೆ, ಆಮೇಲೆ ಅಗಲ ಜಾಗಕ್ಕೆ ಚಪ್ಪಟೆ ಪಟ್ಟಿಯಿಂದ. ದೋಸೆ ಹಿಟ್ಟಿನ ಹದ ಸಾಕು. ನೀರಾದರೆ ಅಂಚು ದಾಟಿ ಹರಡುತ್ತದೆ, ದಪ್ಪವಾದರೆ ಒಣಗುವಾಗ ಬಿರಿದು ಎದ್ದುಬರುತ್ತದೆ. ಒಣಗಿದ ಮೇಲೆ ತೊಳೆಯುವುದೇ ನಿಜವಾದ ಪರೀಕ್ಷೆ. ಸಣ್ಣ ಬಕೆಟ್ಟಿನಲ್ಲಿ ನೆನೆಹಾಕಿದರೆ ಬಿಟ್ಟುಕೊಂಡ ಕಬ್ಬಿಣ ಹಳದಿ ಜಾಗಕ್ಕೂ ಅಂಟಿ ಚಿಹ್ನೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ತೆಗೆಯುವುದು ಬಲು ಕಷ್ಟ. ಹರಿಯುವ ನೀರೇ ಬೇಕು. ಒಂದೇ ಸುತ್ತಿಗೆ ಗಾಢ ಕಪ್ಪು ಬರುವುದಿಲ್ಲ. ಕಷಾಯ, ಕೆಸರು, ತೊಳೆತ ಎರಡು ಮೂರು ಸಲವಾದರೂ ಆಗಬೇಕು. ಚಿತ್ರಕಾರರಿಗೆ ಇದೇ ಅನುಕೂಲ: ಕೆಲವು ಜಾಗವನ್ನು ಮೊದಲ ಸುತ್ತಿಗೇ ಬಿಟ್ಟರೆ ಬೂದು ಬಣ್ಣದಿಂದ ಕಪ್ಪಿನವರೆಗಿನ ಛಾಯೆಗಳು ಸಿಗುತ್ತವೆ.

ಕೊನೆಗೆ ಚಿಹ್ನೆಯ ಹಳದಿ ತೆಗೆದು ಬಿಳಿ ಮಾಡಲು ಕ್ಷಾರದ ಸಾಬೂನಿನ ಪಾಕ ಹಚ್ಚುವುದು ಹಳೆಯ ಕ್ರಮ. ಈಗ ಬ್ಲೀಚ್ ಬಂದಿದೆ. ಹೆಚ್ಚು ಹೊತ್ತು ಬಿಟ್ಟರೆ ನೂಲೇ ತಿಂದುಹೋಗುತ್ತದೆ; ಕಬ್ಬಿಣದ ಕಪ್ಪು ಹತ್ತಿಯನ್ನು ವರ್ಷಗಳಲ್ಲಿ ಹೇಗೂ ದುರ್ಬಲಗೊಳಿಸುವುದರಿಂದ ಎರಡೂ ಕಡೆಯ ಹೊಡೆತ. ಚೌಕಟ್ಟಿಗೆ ಬಿಗಿಯುವುದು ಇದೆಲ್ಲ ಮುಗಿದು ಬಟ್ಟೆ ಕುಗ್ಗುವಷ್ಟು ಕುಗ್ಗಿದ ಮೇಲೆ.

ಕೊಳ್ಳುವವರು ಹಿಂಬದಿ ತಿರುಗಿಸಿ ನೋಡಲಿ. ಕಷಾಯದಲ್ಲಿ ಮುಳುಗಿದ ಬಟ್ಟೆಯ ಬೆನ್ನು ಮಾಸಲು ಹಳದಿಯಾಗಿರುತ್ತದೆ. ಅಚ್ಚ ಬಿಳಿ ಬೆನ್ನಿದ್ದರೆ ಅದು ಪ್ರಿಂಟು ಇರಬಹುದೆಂದು ಅನುಮಾನಿಸಿ.