ಕಾಡು ಹೆಂಗ ಆರಿಸಿದ್ರಿ?

"ಅಕ್ಕಾರ, ಛಲೋ ಕಾಡು ಒಂದು ಹೇಳ್ರಿ. ಸುತ್ತ ಯಾರೂ ಇರಬಾರದು, ನೆಟ್‌ವರ್ಕ್ ಮಾತ್ರ ಇರಬೇಕು."

ಹುಬ್ಬಳ್ಳಿಯ ಮದುವೆಯೊಂದರಲ್ಲಿ ಜಿಲೇಬಿ ತಿನ್ನುತ್ತ ಒಬ್ಬ ಹುಡುಗ ಕೇಳಿದ್ದು. ನಾವು ಗಂಡ ಹೆಂಡತಿ ಆರು ವರ್ಷದಿಂದ ಕರೆಂಟ್ ಕಂಬ ಇಲ್ಲದ ಕಡೆ ಇದ್ದೇವೆ ಅಂತ ಗೊತ್ತಾದರೆ ಸಾಕು, ಎಲ್ಲರದೂ ಇದೇ ಪ್ರಶ್ನೆ. ಸೀರೆ ಅಂಗಡಿಗೆ ಬಂದವರ ಹಾಗೆ ಕೇಳುತ್ತಾರೆ.

ನಾವು ಕಾಡಿನಲ್ಲಿ ಇಲ್ಲವೇ ಇಲ್ಲ. ನಮ್ಮ ಕಡೆಯ ಕಾಡು ಅಂದರೆ ಗದಗ ಜಿಲ್ಲೆಯ ಕಪ್ಪತಗುಡ್ಡ, ಅದು 2019ರಿಂದ ವನ್ಯಜೀವಿಧಾಮ. ಒಳಗೆ ಹೋಗಿ ಗುಡಿಸಲು ಹಾಕಿದರೆ ಅರಣ್ಯದವರು ಆರತಿ ಎತ್ತುವುದಿಲ್ಲ, ಕೇಸ್ ಹಾಕುತ್ತಾರೆ. ನಮ್ಮದು ಮುಂಡರಗಿ ತಾಲೂಕಿನಲ್ಲಿ, ಗುಡ್ಡ ಕಾಣುವ, ನಮ್ಮ ಹೆಸರಲ್ಲೇ ಉತಾರ, ಅಂದರೆ ಪಹಣಿ, ಇರುವ ಹೊಲ. ಎರಿ ಅಂದರೆ ಕಪ್ಪು ಮಣ್ಣು ಅಲ್ಲ, ಮಸಾರಿ ಅಂದರೆ ಕೆಂಪು ಮಣ್ಣು. ಎರಿ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಬಿರಿಯುತ್ತದೆ. ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಜಾಗ ಆರಿಸಿದ್ದು ಹೀಗೆ. ಸೂರ್ಯಾಸ್ತ ನೋಡಿ ಅಲ್ಲ.

ಆಮೇಲೆ ನೀರು. ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ ತಗಡು 80 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಹಿಡಿದರೆ 48,000 ಲೀಟರ್. ಸೋರಿದ್ದು, ಮೊದಲ ಮಳೆಯ ಕೊಳೆ ಕಳೆದರೂ ದಿನಕ್ಕೆ ನೂರು ಲೀಟರಿಗೆ ಮೋಸವಿಲ್ಲ. ಕಾಗದದ ಮೇಲೆ ಎಷ್ಟು ಚಂದ ಕೂತಿತ್ತು ಈ ಲೆಕ್ಕ!

2023ರಲ್ಲಿ ಬರ ಬಿತ್ತು. ಮರುವರ್ಷ ಮಾರ್ಚ್ ಹೊತ್ತಿಗೆ ಮಳೆನೀರಿನ ಟಾಕಿ ತಳ ಕಂಡಿತು. ಆಗ ಯಾರ ಮನೆ ಬಾಗಿಲಿಗೆ ಹೋದಿರಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕಿತ್ತು ಅಲ್ವಾ?

ಯಾರ ಮನೆಗೂ ಹೋಗಲಿಲ್ಲ. ನಾಚಿಕೆ. ಪಕ್ಕದ ಹೊಲದವರ ಕುರಿ ನಮ್ಮ ಬೇವಿನ ಸಸಿ ತಿಂದವೆಂದು ಹಿಂದಿನ ತಿಂಗಳಷ್ಟೇ ನಾನು ಬದುವಿನ ಮೇಲೆ ನಿಂತು ಬಾಯಿಗೆ ಬಂದಂತೆ ಬೈದಿದ್ದೆ. ಒಂದು ಬೆಳಿಗ್ಗೆ ಅವರದೇ ಚಕ್ಕಡಿ ಬಂತು, ಮೇಲೆ ಎರಡು ಬ್ಯಾರಲ್. "ಖಾಲಿ ಮಾಡಿ ಇಡ್ರಿ, ಸಂಜಿಕ ಒಯ್ತೀನಿ" ಅಂದರು. ಕುರಿ ಸುದ್ದಿ ತೆಗೆಯಲಿಲ್ಲ. ಮಳೆ ಹಿಡಿಯುವವರೆಗೆ ದಿನ ಬಿಟ್ಟು ದಿನ ತಂದು ಹಾಕಿದರು. ದುಡ್ಡು ಕೊಡಲು ಹೋದರೆ, ಸುಗ್ಗಿಯಾದ ಮೇಲೆ ಹೊಲದಲ್ಲಿ ಕುರಿ ಮೇಯಲಿ ಸಾಕು ಅಂದರು. ಈಗ ಮೇಯುತ್ತವೆ. ಸಸಿಗಳಿಗೆ ಮುಳ್ಳು ಬೇಲಿ ಹಾಕಿದ್ದೇನೆ. ಮೊದಲೇ ಹಾಕಬೇಕಿತ್ತು.

ಇದೆಲ್ಲ ಆ ಹುಡುಗನಿಗೆ ಹೇಳಲು ಹೊರಟೆ. ಅವನು ಫೋನ್ ನೋಡುತ್ತಿದ್ದ.

"ಟಾಕಿ ಮ್ಯಾಲೆ ಹತ್ತಿದ್ರ ನೆಟ್‌ವರ್ಕ್ ಸಿಗತದಪಾ" ಅಂದೆ. ಬಹಳ ಖುಷಿಪಟ್ಟ.