ಐದು ಮನೆಯ ಮಲ್ಲಿಗೆ

ಹೋದ ವಾರ ಶಂಕರಪುರದ ಕಡೆಯ ವಿದ್ಯಾರ್ಥಿನಿ ಒಬ್ಬಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಐದು ಮನೆಗಳ ಮಲ್ಲಿಗೆ ಗಿಡಗಳ ಮೇಲೆ ಅವಳ ಪ್ರಾಜೆಕ್ಟ್. ಪ್ರತಿ ಮನೆಯಲ್ಲೂ ಅರ್ಧ ಗಿಡಗಳಿಗೆ ಕಡಲೆ ಹಿಂಡಿ, ಉಳಿದವಕ್ಕೆ ಮೊದಲಿನ ಗೊಬ್ಬರ. ತಿಂಗಳಿಡೀ ಬೆಳಿಗ್ಗೆ ಎದ್ದು ಮೊಗ್ಗು ಎಣಿಸಿದ್ದಾಳೆ. ಐದೂ ಮನೆಯಲ್ಲಿ ಹಿಂಡಿ ಹಾಕಿದ ಕಡೆಯೇ ಹೂವು ಜಾಸ್ತಿ. ಆದರೆ ಯಾವ ಕಡೆ ಜಾಸ್ತಿ ಅಂತ ಮಾತ್ರ ಎಣಿಸುವ ಸೈನ್ ಟೆಸ್ಟ್‌ನಲ್ಲಿ ಪಿ-ವ್ಯಾಲ್ಯೂ (ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಬರುವ ಸಂಭವ) 0.0625. ಅದು 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ವ್ಯತ್ಯಾಸ ಇದೆ ಅನ್ನುವುದು ರೂಢಿ. "ವ್ಯತ್ಯಾಸ ಇಲ್ಲ ಅಂತ ಬರೆಯಬೇಕಾ ಮೇಡಂ?"

ನನಗೆ ಹೊಟ್ಟೆ ಉರಿಯಿತು. ಒಂದು ಮನೆ ಅಂದರೆ ಒಂದು ಜೋಡಿ; ಹಿಂಡಿ ಕಡೆ ಹೂವು ಜಾಸ್ತಿ ಆದರೆ ಪ್ಲಸ್, ಕಡಿಮೆ ಆದರೆ ಮೈನಸ್. ಐದು ಜೋಡಿಗೆ ಪ್ಲಸ್, ಮೈನಸ್ ಬರುವ ಬಗೆ ಒಟ್ಟು 32. ಎಲ್ಲ ಪ್ಲಸ್ ಒಂದು, ಎಲ್ಲ ಮೈನಸ್ ಒಂದು. 32ರಲ್ಲಿ 2 ಅಂದರೆ 0.0625. ಹೂವು ದುಪ್ಪಟ್ಟಾಗಿದ್ದರೂ ಅದಕ್ಕಿಂತ ಕೆಳಗೆ ಇಳಿಯುವ ದಾರಿಯೇ ಇಲ್ಲ! ವ್ಯತ್ಯಾಸಗಳನ್ನು ಚಿಕ್ಕದು-ದೊಡ್ಡದು ಅಂತ ಸಾಲಾಗಿ ಇಟ್ಟು ನೋಡುವ ವಿಲ್ಕಾಕ್ಸನ್ ಟೆಸ್ಟ್‌ಗೂ ಇದೇ ಕಥೆ. ಆರನೇ ಮನೆ ಒಂದಿದ್ದು ಅಲ್ಲೂ ಹೀಗೇ ಆಗಿದ್ದರೆ 0.03125 ಬರುತ್ತಿತ್ತು.

"ಹಾಗಾದ್ರೆ ಟಿ-ಟೆಸ್ಟ್ ಹಾಕ್ಲಾ?" ಅಂದಳು. ಸರಾಸರಿ ವ್ಯತ್ಯಾಸ ನೋಡುವ ಟೆಸ್ಟ್ ಅದು. ಆದರೆ ಉತ್ತರ ನೋಡಿದ ಮೇಲೆ ಟೆಸ್ಟ್ ಬದಲಿಸಬಾರದು. ಬೇಕಾದ ಉತ್ತರ ಸಿಗುವ ತನಕ ಟೆಸ್ಟ್ ಹುಡುಕಿದರೆ ಸುಳ್ಳು ವ್ಯತ್ಯಾಸವೂ ನಿಜದ ಹಾಗೆ ಕಾಣುತ್ತದೆ.

ಅವತ್ತು ಸಂಜೆ ಹೊರಗೆ ಜೋರು ಮಳೆ. ಲ್ಯಾಬ್‌ನಲ್ಲೇ ಕೂತು ಟೆಸ್ಟ್‌ಗಳನ್ನೇ ಪರೀಕ್ಷೆಗೆ ಹಚ್ಚಿದೆವು. ಮೊದಲು ವ್ಯತ್ಯಾಸವೇ ಇಲ್ಲದ ಲೆಕ್ಕಗಳನ್ನು ಸಾವಿರಾರು ಸಲ ಹುಟ್ಟಿಸಿ, ಯಾವ ಟೆಸ್ಟ್ ಎಷ್ಟು ಸಲ "ವ್ಯತ್ಯಾಸ ಇದೆ" ಅಂತ ಸುಮ್ನೆ ಕೂಗುತ್ತದೆ ಅಂತ ನೋಡಬೇಕು. ಟಿ-ಟೆಸ್ಟ್ 100ಕ್ಕೆ 5 ಸಲ, 20 ಜೋಡಿಯ ಸೈನ್ ಟೆಸ್ಟ್ ಸುಮಾರು 4 ಸಲ. ಇದನ್ನು ನೋಡದೆ ಹೋಲಿಸಿದರೆ ಅನ್ಯಾಯ. ಜಾಸ್ತಿ ಕೂಗುವ ಟೆಸ್ಟ್ ಜಾಸ್ತಿ ಹಿಡಿದ ಹಾಗೂ ಕಾಣುತ್ತದೆ, ಅಲ್ವಾ?

ಆಮೇಲೆ ನಾವೇ ಒಂದು ನಿಜವಾದ ವ್ಯತ್ಯಾಸ ಸೇರಿಸಿದೆವು. ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಲೆಕ್ಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಅರ್ಧದಷ್ಟು, 20 ಜೋಡಿ, ಗಂಟೆಯಾಕಾರದ ನಾರ್ಮಲ್ ಹಂಚಿಕೆ. ಟಿ-ಟೆಸ್ಟ್ 100ಕ್ಕೆ ಸುಮಾರು 56 ಸಲ ಹಿಡಿಯಿತು. ವಿಲ್ಕಾಕ್ಸನ್ ಅದರ ಹಿಂದೆಯೇ. ಸೈನ್ ಟೆಸ್ಟ್ 38 ಅಷ್ಟೇ. ಎಷ್ಟು ಜಾಸ್ತಿ ಅನ್ನುವುದನ್ನೇ ಅದು ಬಿಟ್ಟುಬಿಡುತ್ತದೆ. ಕಷ್ಟಪಟ್ಟು ಎಣಿಸಿದ ಮೊಗ್ಗೆಲ್ಲ ಒಂದು ಪ್ಲಸ್ ಚಿಹ್ನೆ ಆಗಿಬಿಡುತ್ತದೆ.

ಆದರೆ ಟಿ-ಟೆಸ್ಟೇ ಯಾವಾಗಲೂ ಮುಂದೆ ಅಂತಲ್ಲ. ಒಂದೆರಡು ಮನೆಯಲ್ಲಿ ಮಳೆಗೆ ಬುಡ ಕೊಳೆತು ಲೆಕ್ಕ ವಿಪರೀತ ಏರುಪೇರಾದರೆ ವಿಲ್ಕಾಕ್ಸನ್ ಅದನ್ನು ಹಿಂದೆ ಹಾಕಬಹುದು.

ವರದಿಯಲ್ಲಿ ಅವಳು ಐದೂ ಮನೆಯ ಲೆಕ್ಕ ಹಾಗೇ ಕೊಟ್ಟಿದ್ದಾಳೆ. ಐದು ಜೋಡಿಗೆ ಸೈನ್ ಟೆಸ್ಟ್ ಏನೂ ಹೇಳಲಾರದು ಅಂತಲೂ ಬರೆದಿದ್ದಾಳೆ. ಮುಂದಿನ ಸಲಕ್ಕೆ ಇನ್ನೂ 15 ಮನೆಯವರನ್ನು ಕೇಳುತ್ತಾಳಂತೆ. ಟೆಸ್ಟ್ ಯಾವುದು ಅಂತ ಮೊಗ್ಗು ಎಣಿಸುವ ಮೊದಲೇ ಬರೆದಿಡುತ್ತೇವೆ.